ಗಿರಣಿಯ ಬಾಯಿ ಕಲಿತ ಮಾತು

ಒಂದು ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ತಗಡಿನ ಬಾಯಿಯೇ ಕಾವಲುಗಾರ. ಚಕ್ಕುಲಿ ಹಿಟ್ಟಾಗಬೇಕೆಂದು ತೊಳೆದ ಅಕ್ಕಿ ಅಲ್ಲಿಗೆ ಬಂತು.

"ಆಗಲ್ಲ, ಹೋಗು" ಎಂದಿತು ಬಾಯಿ.

ಕಲ್ಲಿದೆಯೇನೋ ಎಂದುಕೊಂಡು ಅಕ್ಕಿ ಅದನ್ನು ಹೆಕ್ಕಿಸಿಕೊಂಡು ಬಂತು. "ಆಗಲ್ಲ." ನುಚ್ಚಿದೆಯೇನೋ ಎಂದು ಮೊರದಲ್ಲಿ ಕೇರಿಸಿಕೊಂಡು ಬಂತು. "ಎಷ್ಟು ಸಲ ಹೇಳಬೇಕೇ ನಿನಗೆ? ಆಗಲ್ಲ!"

"ನನ್ನ ಹಣೇಲಿ ಚಕ್ಕುಲಿ ಬರೆದಿಲ್ಲ ಬಿಡಣ್ಣ. ನಾಳೆಗೆ ಮುಗ್ಗಿ ತಿಪ್ಪೆ ಸೇರ್ತೀನಿ" ಎಂದು ಅಕ್ಕಿ ಹೊರಟಿತು.

ಒಳಗಿದ್ದ ಬೀಸುವ ಕಲ್ಲು ಬಾಯಿಯನ್ನು ಗದರಿತು: "ಲೋ, ನೀನು ತಡೆದದ್ದು ಸರಿ. ಒದ್ದೆ ಅಕ್ಕಿ ಬಿದ್ದಿದ್ದರೆ ನನಗೆ ಮೆತ್ತಿಕೊಂಡು ಗಿರಣಿಯೇ ನಿಲ್ಲುತ್ತಿತ್ತು. ಆದರೆ ಯಾಕೆ ಆಗಲ್ಲ ಅಂತ ಹೇಳೋಕೆ ನಿನ್ನ ಗಂಟೇನು ಹೋಗುತ್ತಿತ್ತು?"

ಬಾಯಿ ನಾಚಿ ಕೂಗಿತು: "ನಿಲ್ಲು ತಾಯಿ! ಇಲ್ಲಿಗೆ ಒಣಗಿದ ಅಕ್ಕಿ ಬೇಕು, ನೀನಿನ್ನೂ ಒದ್ದೆ ಇದ್ದೀಯ. ಬಟ್ಟೆ ಮೇಲೆ ಹರಡಿಕೊಂಡು ಆರು. ಅಂಗೈಗೆ ಅಂಟದಂತಾದಾಗ ಬಾ."

"ಇಷ್ಟೇನಾ! ಇದನ್ನ ಮೊದಲೇ ಹೇಳೋಕೇನಾಗಿತ್ತು ನಿನಗೆ?"

ಸಂಜೆಗೆ ಅಕ್ಕಿ ಬೆಚ್ಚಗಿನ ಹಿಟ್ಟಾಗಿ ಡಬ್ಬಿಗೆ ಇಳಿಯಿತು. ಸಾಲಿನ ಕೊನೆಯಲ್ಲಿ ನಿಂತು ಆ ಮಾತು ಕೇಳಿಸಿಕೊಂಡಿದ್ದ ಒದ್ದೆ ಗೋಧಿ, ಯಾರೂ ಹೇಳದೆಯೇ, ಆಗಲೇ ಬಿಸಿಲು ಹುಡುಕಿಕೊಂಡು ಹೋಗಿತ್ತು.