ಮುತ್ತಲಗುಂದಿಯ ಠಸ್ಸೆಗಲ್ಲು

ತಾಲೂಕು ಊರಿನಿಂದ ಮುತ್ತಲಗುಂದಿಗೆ ಬರುವ ಡಾಂಬರು ರಸ್ತೆ ಎರೆಹೊಲಗಳ ನಡುವೆ ದಾರ ಹಿಡಿದು ಎಳೆದಂತೆ ನೆಟ್ಟಗೆ ಬರುತ್ತದೆ. ಇನ್ನೇನು ಊರು ಬಂತು ಎನ್ನುವಾಗ, ಹಳ್ಳದ ಈಚೆ ದಂಡೆಯಲ್ಲಿ, ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ, ಒಂದು ಕರಿಬಂಡೆಯನ್ನು ಬಳಸಿಕೊಂಡು, ಮತ್ತೆ ತನ್ನ ನೇರ ದಾರಿ ಹಿಡಿಯುತ್ತದೆ. ಹೊಸ ಡ್ರೈವರುಗಳು ಇಲ್ಲಿ ಬ್ರೇಕು ತುಳಿದು, ರಸ್ತೆ ಮಾಡಿಸಿದವರ ವಂಶವನ್ನೆಲ್ಲ ಬಾಯಿತುಂಬ ನೆನೆಯುತ್ತಾರೆ. ಹಳಬರು ಹಾರ್ನನ್ನು ಒಮ್ಮೆ ಮೆಲ್ಲಗೆ ಒತ್ತಿ ಮುಂದೆ ಹೋಗುತ್ತಾರೆ. ಬಂಡೆ ಹೇರು ತುಂಬಿದ ಚಕ್ಕಡಿಯಷ್ಟು ದೊಡ್ಡದು. ಅದರ ನೆತ್ತಿಯಲ್ಲಿ ಬೆರಳು ತೂರುವಷ್ಟು ಅಗಲದ ತೂತುಗಳಿವೆ. ಬಸ್ಸಿನ ಕಂಡಕ್ಟರು ಇದನ್ನು ಠಸ್ಸೆಗಲ್ಲು ಎಂದೇ ಕೂಗುತ್ತಾನೆ. ಠಸ್ಸೆ ಎಂದರೆ ಅಂಚೆಚೀಟಿಯ ಮೇಲೆ ಪೋಸ್ಟಿನವರು ಹೊಡೆಯುವ ದುಂಡು ಮುದ್ರೆ, ಅದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಕಲ್ಲಿಗೂ ಏನು ಸಂಬಂಧ ಎಂದು ಕೇಳಿದರೆ, ಬೇರೆ ಊರವರು ಮನಬಂದಂತೆ ಕಥೆ ಕಟ್ಟುತ್ತಾರೆ. ಯಾವನೋ ಪಾಳೆಯಗಾರ ಇಲ್ಲಿ ತನ್ನ ಮುದ್ರೆಯುಂಗುರ ಒತ್ತಿದನಂತೆ! ಅಂಥ ಪಾಳೆಯಗಾರ ಈ ಕಡೆ ಹಾಯ್ದೇ ಇಲ್ಲ. ಒತ್ತಿದವರು ಬೇರೆ, ಒತ್ತಿಸಿದವಳು ಬೇರೆ. ಆ ಸಂಗತಿಯನ್ನು ಮುತ್ತಲಗುಂದಿಯ ಹಿರಿಯರು ಹೇಳುವ ರೀತಿಯೇ ಚೆಂದ.

ಹಿಂದೆ ಒಮ್ಮೆ, ಚಲೇಜಾವ್ ಚಳವಳಿಯ ಕಾಲದಲ್ಲಿ, ಈ ಊರಿನಲ್ಲಿ ಅಡಿವೆಪ್ಪ ಎಂಬ ತರುಣನಿದ್ದ ಎನ್ನುತ್ತಾರೆ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಗೆಳೆಯರನ್ನು ಕಟ್ಟಿಕೊಂಡು ರಸ್ತೆಗುಂಟ ಹೋಗಿದ್ದ ಸರಕಾರಿ ತಂತಿಯನ್ನು ಕಡಿದು ಹಾಕಿದ. ಬಿಳಿಯರ ಸುದ್ದಿ ಇತ್ತಿಂದತ್ತ ಹೋಗಬಾರದು ಎನ್ನುವುದು ಅವನ ಹಟ. ಪೊಲೀಸರು ಬೆನ್ನು ಹತ್ತಿದಾಗ ಗೆಳೆಯರನ್ನೆಲ್ಲ ಹಳ್ಳ ದಾಟಿಸಿ, ತಾನೊಬ್ಬನೇ ಈ ಕರಿಬಂಡೆಯ ಮರೆಯಲ್ಲಿ ಉಳಿದು, ಕಲ್ಲು ತೂರುತ್ತ ಅವರನ್ನು ತಡೆದ. ಗುಂಡು ಬಿದ್ದದ್ದು ಅಲ್ಲಿಯೇ. ಬಂಡೆಗೆ ಬೆನ್ನು ಕೊಟ್ಟು ಕೂತವನು ಕೂತಂತೆಯೇ ಹೋದ. ಅವನಿಗೆ ಬಾಳವ್ವ ಎಂಬ ಒಬ್ಬಳೇ ತಂಗಿ, ಲಂಗ ಉಡುವ ವಯಸ್ಸು. ಅಣ್ಣನಿಗೆಂದು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ಮಗುವಿಗೆ ಕಂಡದ್ದು ಅದು. ಮುಂದೆ ಸ್ವಾತಂತ್ರ್ಯ ಬಂತು, ಬಾಳವ್ವ ಅದೇ ಊರಿನಲ್ಲಿ ಮದುವೆಯಾದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡಳು, ಮುದುಕಿಯೂ ಆದಳು. ಆದರೆ ಪ್ರತಿ ಸೋಮವಾರ ಕೊಡ ನೀರು ಹೊತ್ತು ತಂದು ಬಂಡೆಯನ್ನು ತೊಳೆಯುವುದನ್ನು ಬಿಡಲಿಲ್ಲ. ತೊಳೆಯುತ್ತ ಮನೆಯ ಸುದ್ದಿಯನ್ನೆಲ್ಲ ಅದಕ್ಕೆ ಒಪ್ಪಿಸುವಳು, ಸೊಸೆಯ ಮೇಲಿನ ಸಿಟ್ಟನ್ನೂ ಅಲ್ಲಿಯೇ ಇಳಿಸುವಳು. ಊರಿನಲ್ಲಿ ಅವಳ ಬಾಯಿಗೆ ಹೆದರದವರು ಇರಲಿಲ್ಲ, ಹಾಗೆಂದು ಅವಳನ್ನು ಬಿಟ್ಟು ಯಾರ ಮನೆಯ ಹೋಳಿಗೆಯೂ ಒಲೆ ಏರುತ್ತಿರಲಿಲ್ಲ.

ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ, ನಾಡಿಗಾಗಿ ಪ್ರಾಣ ಕೊಟ್ಟವರ ನೆನಪಿಗೆ ಅವರವರ ಊರಿನಲ್ಲಿಯೇ ಒಂದೊಂದು ವಿಶೇಷ ಠಸ್ಸೆ ಹೊಡೆಯಬೇಕೆಂದು ಅಂಚೆಯವರು ಮನಸ್ಸು ಮಾಡಿದರಂತೆ. ದಿನದಿನದ ಠಸ್ಸೆಯಲ್ಲಿ ಊರ ಹೆಸರು, ತಾರೀಖು ಬಿಟ್ಟರೆ ಬೇರೇನಿರುತ್ತದೆ? ಇದರಲ್ಲಿ ಹಾಗಲ್ಲ, ಹುತಾತ್ಮನ ಹೆಸರು ಇರುತ್ತದೆ, ಚಿತ್ರ ಇರುತ್ತದೆ. ಅದೂ ಒಂದೇ ಒಂದು ದಿನ ಹೊಡೆಯುವಂಥದು. ಸಂಜೆಯಾದರೆ ಅಚ್ಚು ದೊಡ್ಡ ಕಚೇರಿಗೆ ವಾಪಸು, ಆಮೇಲೆ ಯಾರು ಎಷ್ಟು ಕೈಮುಗಿದರೂ ಅದು ಬೀಳುವುದಿಲ್ಲ. ಮುತ್ತಲಗುಂದಿಯ ಪಾಲಿಗೆ ಅಡಿವೆಪ್ಪನ ಹೆಸರು ಬಂತು. ಆದರೆ ಅವನ ಫೋಟೊ ಎಲ್ಲಿಂದ ತರುವುದು? ಚಿತ್ರ ಬರೆಯುವವನು ಬಂದು ಹಿರಿಯರನ್ನು ಕೂಡಿಸಿ ಕೇಳಿದ. ಒಬ್ಬರು ಉದ್ದ ಮೂಗು ಎಂದರು, ಇನ್ನೊಬ್ಬರು ಗಿಡ್ಡ ಮೂಗು ಎಂದರು, ಮೂರನೆಯವರು ತಮ್ಮದೇ ಮೂಗು ತೋರಿಸಿ ಥೇಟ್ ಹೀಗೇ ಇತ್ತು ಎಂದರು. ಬಾಳವ್ವನನ್ನು ಕೇಳಿದರೆ, "ನಗುವಾಗ ಕುತಿಗಿ ಒಂದು ಕಡೆ ವಾರಿ ಮಾಡ್ತಿದ್ದ ನೋಡಪಾ, ಅದನ್ನ ತಗಿ" ಎಂದುಬಿಟ್ಟಳು. ಪಾಪ, ಅವನು ಹಾಳೆಯ ಮೇಲೆ ಹಾಳೆ ಹರಿದು, ಕಡೆಗೆ ಸಾಕಾಗಿ, ಕರಿಬಂಡೆಯನ್ನೇ ಬರೆದು, ಅದರ ಬದಿಗೊಂದು ಬಾವುಟ ನಿಲ್ಲಿಸಿದ. ಅದನ್ನು ನೋಡಿ ಬಾಳವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷ ತಾನೊಬ್ಬಳೇ ತೊಳೆದ ಕಲ್ಲನ್ನು ಸರಕಾರವೇ ಎತ್ತಿ ಹಣೆಗೆ ಹಚ್ಚಿಕೊಂಡಿತಲ್ಲ ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು.

ಅದೇ ತಿಂಗಳಲ್ಲಿ ರಸ್ತೆ ಅಗಲ ಮಾಡುವ ಕೆಲಸವೂ ಬರಬೇಕೆ! ಗುತ್ತಿಗೆ ಹಿಡಿದವನು ಸಂಗನಗೌಡ ಎಂಬ ನೆರೆಹೊರೆಯ ಊರಿನವನು. ದಪ್ಪ ಹೊಟ್ಟೆಯ, ನಗುಮುಖದ, ಕೆಟ್ಟವನೇನೂ ಅಲ್ಲದ ಮನುಷ್ಯ. ಆದರೆ ಅವನ ನಕ್ಷೆಯಲ್ಲಿ ರಸ್ತೆ ಸೀದಾ ಬಂಡೆಯ ಎದೆಯ ಮೇಲೆ ಹಾದಿತ್ತು. ಠಸ್ಸೆಯ ಹಿಂದಿನ ದಿನ ಅವನ ಆಳುಗಳು ಮದ್ದು ತುಂಬಲೆಂದು ಬಂಡೆಯ ನೆತ್ತಿಗೆ ತೂತು ಕೊರೆಯತೊಡಗಿದರು. ಸದ್ದು ಕೇಳಿ ಬಾಳವ್ವ ಕೊಡ ಬಿಸಾಕಿ ಓಡಿದಳು. ಬೈದಳು, ಬೇಡಿಕೊಂಡಳು, ಕಡೆಗೆ ಬಂಡೆಯ ಮೇಲೆ ಹತ್ತಿ ಕೂತಳು. ಸಂಗನಗೌಡ ಟೊಪ್ಪಿಗೆ ತೆಗೆದು, ತಗ್ಗಿದ ದನಿಯಲ್ಲಿಯೇ ಮಾತಾಡಿದ. "ಯವ್ವಾ, ಆರ್ಡರ್ ಆಗೇತಿ, ನಾಡದು ಮುಂಜಾನಿ ಮದ್ದು ಇಡೂದ ಐತಿ. ನಿಮ್ಮಣ್ಣನ ಕಲ್ಲು ಠಸ್ಸೆದಾಗ ಬಂತಲ್ಲ, ಅಲ್ಲಿ ಕಾಯಂ ಉಳೀತು. ಇನ್ನ ಈ ಕಲ್ಲ ಯಾಕ ಬೇಕು? ಠಸ್ಸೆ ಬೀಳೂದು ಕಾಗದದ ಮ್ಯಾಲೆ, ಕಲ್ಲಿನ ಮ್ಯಾಲಂತೂ ಅಲ್ಲ" ಎಂದ. ಬಾಳವ್ವ ಕತ್ತಲಾದ ಮೇಲೆಯೇ ಬಂಡೆ ಇಳಿದಳು. ಚಿತ್ರ ಉಳಿದು ಕಲ್ಲು ಹೋದರೆ ತಾನು ಯಾರ ಮುಂದೆ ಮಾತಾಡುವುದು? ಅಣ್ಣ ಕಡೆಯದಾಗಿ ಬೆನ್ನು ಕೊಟ್ಟ ಜಾಗ ಇನ್ನೊಂದು ಇದೆಯೆ? ರಾತ್ರಿ ಊಟ ಸೇರಲಿಲ್ಲ. ಆದರೆ ಬೆಳಗಾಗುವ ಹೊತ್ತಿಗೆ ಮುದುಕಿಯ ಮುಖ ಅರಳಿತ್ತು. ಗೌಡ ಆಡಿದ ಕಡೆಯ ಮಾತು ಅವಳ ತಲೆಯಲ್ಲಿ ಸುತ್ತಿ ಸುತ್ತಿ ಬೇರೆಯದೇ ಆಗಿ ನಿಂತಿತ್ತು. ಕಲ್ಲಿನ ಮೇಲೆ ಬೀಳುವುದಿಲ್ಲ ಎಂದು ಹೇಳಲಿಕ್ಕೆ ಅವನೇನು ಪೋಸ್ಟ್‌ಮಾಸ್ತರನೆ?

ಠಸ್ಸೆಯ ದಿನ ಶಾಲೆಯ ಅಂಗಳದಲ್ಲಿ ಜಾತ್ರೆಗಿಂತ ಹೆಚ್ಚು ಜನ. ತಾಲೂಕು ಊರಿನ ಪೋಸ್ಟ್‌ಮಾಸ್ತರ ವಾಮನರಾವ್ ಗಲಗಲಿ ಅವರೇ ಅಚ್ಚು ಹಿಡಿದು ಬಂದಿದ್ದರು. ನಿವೃತ್ತಿಗೆ ಹತ್ತಿರವಾದ, ಕಾಯಿದೆ ಎಂದರೆ ಗಾಯತ್ರಿಯಂತೆ ಜಪಿಸುವ ಮನುಷ್ಯ. "ನಮ್ಮ ತಂತಿ ಕಡದಾಂವಗ ನಾವ ಬಂದು ಠಸ್ಸೆ ಹೊಡೀಲಿಕ್ಕೆ ಹತ್ತೇವಿ ನೋಡ್ರಿ" ಎಂದು ಅವರು ನಕ್ಕಾಗ ಇಡೀ ಅಂಗಳ ನಕ್ಕಿತು. ಆದರೆ ಇಂಥ ಠಸ್ಸೆಗೆ ಲಕೋಟೆ ತರಬೇಕೆಂದು ಮುತ್ತಲಗುಂದಿಯವರಿಗೆ ಎಲ್ಲಿ ತಿಳಿಯಬೇಕು! ಅವರು ಠಸ್ಸೆಯನ್ನು ಗುಡಿಯಲ್ಲಿ ಹಣೆಗಿಡುವ ಅಂಗಾರದಂತೆ, ಪ್ರಸಾದದಂತೆ ಎಂದುಕೊಂಡು ಬಂದಿದ್ದರು. ಒಬ್ಬ ರಟ್ಟೆ ಚಾಚಿದ, ಇನ್ನೊಬ್ಬ ತಲೆಯ ಪಟಕ ಬಿಚ್ಚಿ ಮುಂದಿಟ್ಟ. ಒಬ್ಬಾಕೆ ತೊಟ್ಟಿಲ ಕೂಸನ್ನೇ ಮೇಜಿನ ಮೇಲೆ ಮಲಗಿಸಿ, ಹಣೆಗೆ ಸಣ್ಣದಾಗಿ ಒಂದು ಹೊಡೆಯಿರಿ ಎಂದಳು. ಕುಂಟುತ್ತಿದ್ದ ಎತ್ತೊಂದನ್ನು ಕೂಡ ಹೊಡೆದುಕೊಂಡು ಬಂದಿದ್ದರು. ವಾಮನರಾಯರು ಬೆವರು ಒರೆಸಿಕೊಳ್ಳುತ್ತ, "ತಿಕೀಟು ಇಲ್ಲದ ಯಾವುದರ ಮ್ಯಾಲೂ ಠಸ್ಸೆ ಬೀಳೂದಿಲ್ಲ. ತಿಕೀಟು ಹಚ್ಚಿ, ವಿಳಾಸ ಬರದು ತಂದ್ರ ಯಾವುದಕ್ಕೂ ಇಲ್ಲಾ ಅನ್ನೂದಿಲ್ಲ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಹಿಂದೆ ನಿಂತಿದ್ದ ಬಾಳವ್ವನ ಕಿವಿ ನೆಟ್ಟಗಾದವು. ಸೆರಗಿನ ಗಂಟು ಬಿಚ್ಚಿ ಒಂದು ಅಂಚೆಚೀಟಿ ಕೊಂಡು, ಶಾಲೆಯ ಮಾಸ್ತರರನ್ನು ತೋಳು ಹಿಡಿದು ಎಳೆದುಕೊಂಡು ಎತ್ತಲೋ ಹೋದಳು. ಹೊತ್ತು ಇಳಿಮುಖವಾಗಿ ಜನ ಕರಗಿದ ಮೇಲೆ, ಅಚ್ಚನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ವಾಮನರಾಯರ ಎದುರು ಬಂದು ನಿಂತಳು.

"ಸಾಹೇಬ್ರ, ನಂದೊಂದು ಟಪಾಲು ಉಳದೈತ್ರಿ."

"ತಗೊಂಡು ಬಾ ಅವ್ವಾ, ಲಗೂನ. ಹೊರಡೂ ಹೊತ್ತಾತು."

"ತರಾಕ ಬರೂದಿಲ್ರಿ, ಭಾರ ಐತಿ. ನೀವ ಬರ್ರಿ."

ಗಂಟೋ ಬುಟ್ಟಿಯೋ ಇರಬೇಕು ಎಂದುಕೊಂಡು ಅವರು ಅಚ್ಚು, ಮಸಿ ಹಿಡಿದು ಅವಳ ಹಿಂದೆ ನಡೆದರು, ಉಳಿದ ಜನ ಅವರ ಹಿಂದೆ. ಹಳ್ಳದ ದಂಡೆಗೆ ಬಂದು ನೋಡಿದರೆ, ತೊಳೆದ ಬಂಡೆಯ ನುಣುಪು ಮೈಗೆ ಜೋಳದ ಅಂಬಲಿಯಲ್ಲಿ ಅಂಟಿಸಿದ ಅಂಚೆಚೀಟಿ! ಅದರ ಕೆಳಗೆ ಮಾಸ್ತರರ ದುಂಡು ಅಕ್ಷರದಲ್ಲಿ, ಸುಣ್ಣದ ನೀರಿನಲ್ಲಿ, ಗೇಣುದ್ದ ಬರೆದ ವಿಳಾಸ: ಅಡಿವೆಪ್ಪ, ಕರೇಕಲ್ಲಿನ ಹತ್ತಿರ, ಮುತ್ತಲಗುಂದಿ. ವಾಮನರಾಯರು ಮೊದಲು ಬೆಪ್ಪಾದರು. ಆಮೇಲೆ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಭಾರದ್ದನ್ನು ಪೋಸ್ಟಿನವರು ಸಾಗಿಸಲಾರರು ಎಂದು ತಿಳಿಹೇಳಲು ನೋಡಿದರೆ ಬಾಳವ್ವ ಸೋಲುವವಳೆ? "ಸಾಗಸೂದೆಲ್ಲಿ ಬಂತ್ರಿ? ಅಂವ ಇಲ್ಲೇ ಅದಾನಲ್ಲ. ತಿಕೀಟು ಐತಿ, ವಿಳಾಸ ಐತಿ. ಯಾವುದಕ್ಕೂ ಇಲ್ಲಾ ಅನ್ನೂದಿಲ್ಲಂತ ಇಡೀ ಊರ ಮುಂದ ಹೇಳೀರಿ" ಎಂದಳು. ವಾಮನರಾಯರು ತಲೆಯೆತ್ತಿ ನೋಡಿದರು. ಬಂಡೆಯ ನೆತ್ತಿಯ ಹಸಿ ತೂತುಗಳನ್ನೂ, ದೂರದಲ್ಲಿ ನಿಂತ ಗುತ್ತಿಗೆದಾರನ ಲಾರಿಯನ್ನೂ ಕಂಡರು. ಮುಂದೆ ಕೇಳಲಿಲ್ಲ. ಅಚ್ಚಿಗೆ ಮಸಿ ಮುಟ್ಟಿಸಿ, ಅರ್ಧ ಅಂಚೆಚೀಟಿಯ ಮೇಲೆ, ಅರ್ಧ ಕಲ್ಲಿನ ಮೇಲೆ ಬೀಳುವಂತೆ, ಕಾಯಿದೆ ಹೇಳುವ ಹಾಗೆಯೇ, ಠಪ್ಪೆಂದು ಹೊಡೆದರು. ಜನ ಹೋ ಎಂದು ಕೂಗಿದ್ದಕ್ಕೆ ಹಳ್ಳದ ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು.

ಗದ್ದಲಕ್ಕೆ ಸಂಗನಗೌಡನೂ ಬಂದ. ನೋಡಿದ, ಅವನಿಗೂ ನಗು ತಡೆಯಲಿಲ್ಲ. ಆದರೆ ಗುತ್ತಿಗೆದಾರ ಗುತ್ತಿಗೆದಾರನೇ. "ಛಲೋ ಆತ್ರಿ ರಾಯರ. ಈಗಿದು ಪೋಸ್ಟಿನ ಮಾಲು, ನಾ ಮುಟ್ಟಂಗಿಲ್ಲ. ನಾಳಿ ಮುಂಜಾನಿಯೊಳಗ ನಿಮ್ಮ ಟಪಾಲು ಯಾರಿಗೆ ಮುಟ್ಟಸಬೇಕೋ ಮುಟ್ಟಿಸಿ ಜಾಗಾ ಖುಲ್ಲಾ ಮಾಡ್ರಿ" ಎಂದ. ಎಲ್ಲರ ನಗೆಯೂ ನಿಂತುಹೋಯಿತು. ಬಾಳವ್ವನ ಮುಖ ಸಣ್ಣದಾಯಿತು. ಸತ್ತವನ ಹೆಸರಿಗೆ ಬಂದ ಟಪಾಲಿನ ಮೇಲೆ ಪೋಸ್ಟಿನವರು ಏನು ಬರೆಯುತ್ತಾರೆ ಎನ್ನುವುದು ಆ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಬರೆದು ತಿರುಗಿ ಕಳಿಸುತ್ತಾರೆ. ಅಷ್ಟು ಬರೆದರೆ ಮುಗಿಯಿತು. ವಾಮನರಾಯರು ಸುಣ್ಣದ ಕುಂಚ ಕೈಗೆ ತೆಗೆದುಕೊಂಡರು. ಆಮೇಲೆ ದಿನವೂ ಬಾಗಿಲಿಗೆ ಬರುವ ಪೋಸ್ಟ್‌ಮ್ಯಾನನಂತೆ ಬಾಳವ್ವನತ್ತ ತಿರುಗಿ, "ಅಡಿವೆಪ್ಪ ಅನ್ನೋರು ಎಲ್ಲಿರತಾರವ್ವಾ?" ಎಂದು ಕೇಳಿದರು. ಬಾಳವ್ವ, ಅಣ್ಣ ಬೆನ್ನು ಆನಿಸಿ ಕೂತಿದ್ದ ಜಾಗಕ್ಕೆ ಹೋಗಿ ಅಂಗೈ ಇಟ್ಟಳು. ಅವರು ಆ ಅಂಗೈ ಪಕ್ಕದಲ್ಲಿಯೇ, ದೊಡ್ಡದಾಗಿ, ಒಂದು ಮಾತು ಬರೆದರು: ಮುಟ್ಟಿತು.

ಬಾಳವ್ವನಿಗೆ ಓದು ಬರುತ್ತಿರಲಿಲ್ಲ. ಮಾಸ್ತರರು ಓದಿ ಹೇಳಿದಾಗ, ಅಷ್ಟು ವರ್ಷ ಯಾರ ಮುಂದೂ ಕಣ್ಣೀರು ಹಾಕದ ಹೆಂಗಸು ಬಂಡೆಯನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ವಾಮನರಾಯರು ಕುಂಚ ಕೆಳಗಿಟ್ಟು ಸಂಗನಗೌಡನಿಗೆ ಹೇಳಿದರು: "ಪೋಸ್ಟಿನ ಕೆಲಸ ಮುಗೀತ್ರಿ ಗೌಡ್ರ. ಮುಟ್ಟಿದ ಮ್ಯಾಲೆ ಮಾಲು ನಮ್ಮದಲ್ಲ, ಯಾರ ಹೆಸರಿಗೆ ಬಂದಿತ್ತೋ ಅವರದು. ಇನ್ನ ಕಲ್ಲು ಅಡಿವೆಪ್ಪಂದು. ಅವನ್ನ ಒಂದು ಮಾತು ಕೇಳ್ರಿ, ಹೂಂ ಅಂದ್ರ ಒಡೀರಿ." ಸಂಗನಗೌಡ ಬಂಡೆಯನ್ನು ನೋಡಿದ, ಅದನ್ನು ತಬ್ಬಿದ ಮುದುಕಿಯನ್ನು ನೋಡಿದ. ಕಾಲಲ್ಲಿನ ಜೋಡು ಬಿಟ್ಟು ಬಂದು, ಟೊಪ್ಪಿಗೆ ಕಂಕುಳಿಗಿಟ್ಟು, ಬಂಡೆಗೆ ಕಿವಿ ಹಚ್ಚಿ, ನಿಜವಾಗಿಯೂ ಕೇಳುವವನಂತೆ ಕಣ್ಣು ಮುಚ್ಚಿ ನಿಂತನಂತೆ. ಬಹಳ ಹೊತ್ತು ನಿಂತನಂತೆ. ಆಮೇಲೆ ಜೋಡು ಮೆಟ್ಟಿಕೊಳ್ಳುತ್ತ ತನ್ನ ಆಳುಗಳಿಗೆ ಕೂಗಿ ಹೇಳಿದ, "ಒಲ್ಲೆ ಅಂತಾನೋ! ರಸ್ತೆ ಎಡಕ್ಕ ತಿರುವ್ರಿ."

ಅಂದಿನಿಂದ ಕರೇಕಲ್ಲು ಠಸ್ಸೆಗಲ್ಲಾಯಿತು ಎನ್ನುತ್ತಾರೆ. ಹಾಗೆ ಕಲ್ಲನ್ನು ಕೇಳಿ ನಕ್ಷೆ ಬದಲಿಸಲು ಬರುತ್ತದೆಯೆ, ಮೇಲಿನವರು ಸುಮ್ಮನೆ ಬಿಡುತ್ತಾರೆಯೆ ಎಂದು ಪೇಟೆಯಿಂದ ಬಂದ ಜಾಣರು ತಕರಾರು ತೆಗೆಯುತ್ತಾರೆ. ಅವರಿಗೆ ಊರವರು ರಸ್ತೆಯ ತಿರುವು ತೋರಿಸಿ ಸುಮ್ಮನಾಗುತ್ತಾರೆ. ಅಂಚೆಚೀಟಿ ಮೊದಲ ಮಳೆಗೇ ಹೋಯಿತು. ಅದರೊಡನೆ ಅರ್ಧ ಠಸ್ಸೆಯೂ ಹೋಯಿತು, ಕಲ್ಲಿನ ಪಾಲಿನ ಅರ್ಧ ಎರಡು ಮೂರು ವರ್ಷ ಬಾಳಿತೆಂದು ಹೇಳುತ್ತಾರೆ. ಬಾಳವ್ವ ತುಂಬಿದ ಮನೆ ಬಿಟ್ಟು ಹೋಗಿಯೂ ಬಹಳ ಕಾಲವಾಯಿತು. ಈಗಲೂ ಶ್ರಾವಣದಲ್ಲಿ ಊರ ಹೆಣ್ಣುಮಕ್ಕಳು ಬಂಡೆ ತೊಳೆದು ಸುಣ್ಣದಲ್ಲಿ ಬರೆಯುತ್ತಾರೆ. ಅದು ಹಳ್ಳದ ಆಚೆಯಿಂದಲೇ ಬೆಳ್ಳಗೆ ಕಾಣುತ್ತದೆ, ಬಸ್ಸು ತಿರುವಿನಲ್ಲಿ ವಾಲಿದಾಗ ಆ ಬದಿಗೆ ಕೂತವರೆಲ್ಲ ಓದುತ್ತಾರೆ. ಆದರೆ ಅಲ್ಲಿ ಹೆಸರಿಲ್ಲ, ಊರಿಲ್ಲ, ಇರುವುದು ಒಂದೇ ಮಾತು, ಮುಟ್ಟಿತು. ವಿಳಾಸ ಯಾಕೆ ಬರೆಯುವುದಿಲ್ಲ ಎಂದು ನೋಡಬಂದವರು ಕೇಳಿದರೆ, ಹೆಣ್ಣುಮಕ್ಕಳು ಕುಂಚ ಎತ್ತಿ ಹಿಡಿದು ನಗುತ್ತಾರೆ: "ಅಂವ ಎಲ್ಲಿರತಾನಂತ ಊರಿಗೆಲ್ಲಾ ಗೊತ್ತೈತಲ್ರಿ."