ಮೊದಲನೇ ಪುಸ್ತಕದ ಆಲದ ಮರ

ಸುನಂದಾ ಹಳೆಯ ಪುಸ್ತಕಗಳನ್ನು ಕತ್ತರಿಸುತ್ತಿದ್ದಳು. ಹಾಗೆಂದ ಕೂಡಲೇ ಹುಬ್ಬು ಗಂಟಿಕ್ಕಬೇಡಿ. ಗೆದ್ದಲು ತಿಂದ, ನೀರು ಕುಡಿದು ಉಬ್ಬಿದ, ರದ್ದಿ ಅಂಗಡಿಯವನೂ ಬೇಡವೆಂದ ಪುಸ್ತಕಗಳು ಮಾತ್ರ ಅವಳ ಕೈಗೆ ಬರುತ್ತಿದ್ದವು. ಅವಳ ಸಣ್ಣ ಚಾಕುವಿಗೆ ಸಿಕ್ಕಿದ ಪಂಚಾಂಗ ನವಿಲಾಗುತ್ತಿತ್ತು, ಹರಿದ ನಕಾಶೆ ಪುಸ್ತಕ ಕೋಟೆಯಾಗುತ್ತಿತ್ತು. ಕಾನೂನಿನ ದಪ್ಪ ಹೊತ್ತಗೆಯೊಂದು ಮಲಗಿದ ಎಮ್ಮೆಯಾಗಿ ಊರಿನ ವಕೀಲರನ್ನೂ ನಗಿಸಿತ್ತು. ಜನ ಹೊಗಳಿದ್ದೇ ಹೊಗಳಿದ್ದು. ಕೇಳಿ ಕೇಳಿ ಅವಳಿಗೂ ತನ್ನ ಕೈಚಳಕದ ಮೇಲೆ ತುಸು ಹೆಚ್ಚೇ ಭರವಸೆ ಬಂದಿತ್ತು.

ಅವಳ ಕೋಣೆಗೆ ಒತ್ತಿಕೊಂಡೇ ಮಕ್ತುಮಸಾಬರ ಅಂಗಡಿ. ಎಪ್ಪತ್ತು ದಾಟಿದ ಸಾಬರು ಪುಸ್ತಕಕ್ಕೆ ಬೈಂಡು ಹಾಕುವವರು. ಒಂದು ಸೂಜಿ, ಮೇಣ ಸವರಿದ ದಾರ, ನಾಲ್ಕು ರಟ್ಟು, ಒಂದು ಡಬ್ಬಿ ಅಂಟು, ಇಷ್ಟೇ ಅವರ ಸರಂಜಾಮು. ಇಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಹೊಲಿಗೆ, ಈ ಕಡೆ ಕತ್ತರಿ. ದಿನಕ್ಕೆರಡು ಸಲ ಚಹಾಕ್ಕೆ ಮಾತ್ರ ಎರಡೂ ಕಡೆಯವರು ಒಂದಾಗುತ್ತಿದ್ದರು.

ಊರಿನ ವಾಚನಾಲಯಕ್ಕೆ ನೂರು ವರ್ಷ ತುಂಬುವುದಿತ್ತು. ಅದರ ಅಧ್ಯಕ್ಷರಾದ ಹಂಪಣ್ಣ ಮಾಸ್ತರರು ಒಂದು ದಿನ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟು ಹಿಡಿದು ಸುನಂದಾಳ ಬಾಗಿಲಿಗೆ ಬಂದರು. ಒಳಗಿದ್ದದ್ದು ಗಿಡಮರಗಳ ಬಗ್ಗೆ ಯಾರೋ ಪುಣ್ಯಾತ್ಮರು ಬರೆದ ದಪ್ಪನೆಯ ಪುಸ್ತಕ.

“ನಮ್ಮ ವಾಚನಾಲಯದ ಮೊದಲನೇ ಪುಸ್ತಕ ನೋಡವಾ ಇದು. ದಾಖಲೆ ವಹಿಯೊಳಗ ಒಂದನೇ ನಂಬರು ಇದರದ. ನಡುವಿಂದೆಲ್ಲಾ ಗೆದ್ದಲು ತಿಂದು ಹೋಗೇತಿ. ಓದಾಕ ಬರೂದಿಲ್ಲ, ಒಗಿಯಾಕ ಮನಸ್ಸು ಬರೂದಿಲ್ಲ. ಇನ್ನೂ ನೂರು ವರ್ಷ ಜನರ ಕಣ್ಣಮುಂದ ಇರೂ ಹಂಗ ಏನರ ಮಾಡಿಕೊಡು,” ಎಂದು ಮಾಸ್ತರರು ಅದನ್ನು ಎರಡೂ ಕೈಯಿಂದ ಎತ್ತಿ ಕೊಟ್ಟರು.

ಸುನಂದಾ ಆಗಲೇ ನಿಶ್ಚಯಿಸಿದಳು. ಇದು ಆಲದ ಮರವಾಗಬೇಕು. ಗೆದ್ದಲು ತಿಂದ ತೂತು ಮರದ ಪೊಟರೆಯಾಗಬೇಕು.

ಸಂಜೆ ಚಹಾಕ್ಕೆ ಬಂದ ಮಕ್ತುಮಸಾಬರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು.

“ತಂಗೀ, ಇದರ ಬೆನ್ನಿಗೆ ಚಾಕು ಹಚ್ಚೂಕಿಂತ ಮೊದಲ ನನಗೊಂದು ಮಾತು ಕೇಳು.”

“ಕಾಕಾ, ನೀವು ಹೊಲಿಗಿ ಹಾಕಾವ್ರು, ನಾ ಕತ್ತರಸಾಕಿ. ನಿಮ್ಮ ಕೆಲಸಾನ ಬ್ಯಾರೆ, ನನ್ನ ಕೆಲಸಾನ ಬ್ಯಾರೆ,” ಎಂದು ಸುನಂದಾ ನಕ್ಕಳು. ಸಾಬರು ಪುಸ್ತಕ ಕೆಳಗಿಟ್ಟರು. ಚಹಾ ಕುಡಿದು ಎದ್ದು ಹೋದರು.

ಇಪ್ಪತ್ತು ದಿನ ಅವಳು ಊಟ ನಿದ್ದೆಯ ಕಡೆ ಲಕ್ಷ್ಯವಿಲ್ಲದೆ ದುಡಿದಳು. ರಟ್ಟು ತೆಗೆದು, ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಹಾಳೆಗಳನ್ನು ಬೀಸಣಿಕೆಯಂತೆ ಸುತ್ತಲೂ ಬಿಡಿಸಿದಳು. ಹಾಳೆಗಳ ಅಂಚಿನಲ್ಲಿ ಕೊಂಬೆ, ಕೊಂಬೆಯಲ್ಲಿ ಎಲೆ, ಎಲೆಯ ಮರೆಯಲ್ಲಿ ಒಂದು ಅಳಿಲು. ಇಪ್ಪತ್ತೊಂದನೆಯ ದಿನ ಬೇರು ಬಿಡಿಸಲೆಂದು ಪುಸ್ತಕದ ಬೆನ್ನಿಗೆ ಚಾಕು ಹಾಕಿದಳು. ಈಗಿನ ಪುಸ್ತಕಗಳ ಬೆನ್ನು ಬರೀ ಅಂಟು. ಅಲ್ಲಲ್ಲಿ ಕೊಯ್ದರೂ ಉಳಿದ ಅಂಟು ಹಾಳೆಗಳನ್ನು ಹಿಡಿದುಕೊಂಡೇ ಇರುತ್ತದೆ. ಅವಳ ಕೈಗೆ ಅದೇ ರೂಢಿ. ಈ ಪುಸ್ತಕದ ಅಂಟು ಯಾವಾಗಲೋ ಒಣಗಿ ಹುಡಿಯಾಗಿತ್ತು. ಒಳಗೆ ಒಂದೇ ಒಂದು ದಾರ, ಹಾಳೆಗಳ ಒಂದು ಕಂತೆಯಿಂದ ಇನ್ನೊಂದು ಕಂತೆಗೆ ಓಡಾಡಿ, ನೂರು ವರ್ಷ ಎಲ್ಲವನ್ನೂ ಹಿಡಿದಿಟ್ಟಿತ್ತು. ಚಾಕು ಅದನ್ನು ಐದು ಕಡೆ ಕೊಯ್ಯಿತು.

ಮರವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಲು ಹೋದಳು ನೋಡಿ, ಅರ್ಧ ಮರ ಸರಸರ ಜಾರಿ ನೆಲಕ್ಕೆ ಬಿತ್ತು.

ಸುನಂದಾ ಹಾಳೆಗಳನ್ನು ಆರಿಸಿಕೊಂಡಳು. ವಾಚನಾಲಯದ ನೂರು ವರ್ಷದ ಸಮಾರಂಭಕ್ಕೆ ಇನ್ನು ಐದೇ ದಿನ. ಅಂಟು ಹಚ್ಚಿ ನೋಡಿದಳು. ಹಳೆಯ ಕಾಗದ ಅಂಟು ಕುಡಿದು ಸುಕ್ಕಾಯಿತು, ಒಣಗಿದ ಮೇಲೆ ಮತ್ತೆ ಕಳಚಿಕೊಂಡಿತು. ತಲೆಯ ಮೇಲೆ ಕೈ ಹೊತ್ತು ಕೂತವಳ ಕಣ್ಣು ಮೂಲೆಯಲ್ಲಿದ್ದ ಇನ್ನೊಂದು ಪುಸ್ತಕದ ಮೇಲೆ ಬಿತ್ತು. ಅಷ್ಟೇ ದಪ್ಪ, ಅಷ್ಟೇ ಹಳದಿ. ಅವಸರದಲ್ಲಿ ಇದರಲ್ಲೇ ಒಂದು ಸಣ್ಣ ಮರ ಕೊರೆದರಾಯಿತು. ಒಂದನೇ ನಂಬರು ಇದರದೋ ಅದರದೋ, ಯಾರಿಗೆ ತಿಳಿಯಬೇಕು?

ಅದನ್ನು ಕೈಗೆತ್ತಿಕೊಂಡೂ ಬಿಟ್ಟಳು. ಆದರೆ ಮಾಸ್ತರರು ಎರಡೂ ಕೈಯಿಂದ ಕೊಟ್ಟದ್ದು ನೆನಪಾಗಿ ಅವಳಿಗೆ ಅಳು ಬಂತು. ಪುಸ್ತಕ ಕೆಳಗಿಟ್ಟಳು. ಇನ್ನುಳಿದದ್ದು ಪಕ್ಕದ ಬಾಗಿಲು. ಹತ್ತು ಹೆಜ್ಜೆಯ ದಾರಿ. ತಾನೇ ಆಡಿದ ಮಾತು ದಾರಿಗೆ ಅಡ್ಡ ನಿಂತಿತ್ತು. ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, ಉದುರಿದ ಹಾಳೆಗಳನ್ನೆಲ್ಲ ದೊಡ್ಡ ತಟ್ಟೆಯಲ್ಲಿಟ್ಟುಕೊಂಡು ಹೊರಟಳು.

“ಕಾಕಾ, ನೀವು ಕೇಳು ಅಂದ್ರಿ. ನಾ ಕೇಳಲಿಲ್ಲ. ನಂದ ತಪ್ಪಾತು.”

ಮಕ್ತುಮಸಾಬರು ಕನ್ನಡಕ ಏರಿಸಿ ತುಂಡಾದ ದಾರವನ್ನು ಬೆರಳಲ್ಲಿ ಹಿಡಿದು ನೋಡಿದರು.

“ಕೊಯ್ದದ್ದಕ್ಕ ಸಿಟ್ಟಿಲ್ಲ ತಂಗಿ. ನಾನೂ ದಿನಾ ಕೊಯ್ತೇನಿ. ಹಳೇ ದಾರ ಕೊಯ್ಯದ ಹೊಸಾದು ಹೊಲ್ಯಾಕ ಬರೂದಿಲ್ಲ. ಆದ್ರ ಅದು ಏನನ್ನ ಹಿಡದು ಕುಂತೈತಿ ಅಂತ ಮೊದಲ ನೋಡ್ತೇನಿ.” ಹೀಗೆಂದು ಸೂಜಿಯನ್ನು ಅವಳ ಕೈಗಿಟ್ಟರು. “ಹೊಲಿ.”

“ನಾನಾ?”

“ಕೊಯ್ದ ಕೈನ ಹೊಲೀಬೇಕು. ನಾ ತೋರಸ್ತೇನಿ.”

ಮೂರು ದಿನ ಸುನಂದಾ ಹೊಲಿದಳು. ಬೆರಳಿಗೆ ಸೂಜಿ ಚುಚ್ಚಿತು, ಕತ್ತು ಹಿಡಿಯಿತು. ಎರಡು ಸಲ ಗಂಟು ತಪ್ಪಿತು, ಎರಡೂ ಸಲ ಸಾಬರು “ಬಿಚ್ಚು” ಎಂದಷ್ಟೇ ಹೇಳಿದರು. ಕೊನೆಗೆ ಮರ ಎದ್ದು ನಿಂತಿತು. ಅಲ್ಲಲ್ಲಿ ಗಂಟಿನ ದಾರಗಳು ಉದ್ದಕ್ಕೆ ಇಳಿಬಿದ್ದಿದ್ದವು. ಕತ್ತರಿಸಲೆಂದು ಕತ್ತರಿ ತೆಗೆದವಳು ತಟ್ಟನೆ ಕೈ ತಡೆದಳು.

“ಕಾಕಾ, ಆಲದ ಮರಕ್ಕ ಬಿಳಲು ಇರತಾವಲ್ಲ?”

ಸಾಬರಿಗೆ ಅರ್ಥವಾಯಿತು. ಮುಖ ಇಷ್ಟಗಲ ಮಾಡಿ ನಕ್ಕರು. ಉಳಿದ ಚಹಾದಲ್ಲಿ ಆ ಎಳೆಗಳನ್ನು ಅದ್ದಿ ಕಂದುಬಣ್ಣ ಬರಿಸಿದ್ದೂ ಅವರೇ.

ಸಮಾರಂಭದ ದಿನ ಆಲದ ಮರದ ಸುತ್ತ ಜನವೋ ಜನ. ಕೊಂಬೆ ಚೆಂದ ಎಂದರು, ಅಳಿಲು ಚೆಂದ ಎಂದರು. ಬಿಳಲು ನೋಡಿದವರು ಬಗ್ಗಿ ಇನ್ನೊಮ್ಮೆ ನೋಡಿದರು. ಹಂಪಣ್ಣ ಮಾಸ್ತರರು ಒಂದು ಬಿಳಲನ್ನು ಮೆಲ್ಲಗೆ ಮುಟ್ಟಿ ಕಣ್ಣು ತುಂಬಿಕೊಂಡರು. “ಇಂಥಾದ್ದು ನಿನಗ ಹೆಂಗ ಹೊಳೀತವಾ?” ಎಂದರು.

ಸುಮ್ಮನೆ ನಕ್ಕಿದ್ದರೆ ಹೊಗಳಿಕೆಯೆಲ್ಲ ಅವಳದೇ ಆಗುತ್ತಿತ್ತು. ಮರದ ಬುಡದಲ್ಲಿದ್ದ ಚೀಟಿಯಲ್ಲಿ ಅವಳೊಬ್ಬಳ ಹೆಸರೇ ಇತ್ತು. ಸುನಂದಾ ಮಾಸ್ತರರ ಜೇಬಿನ ಪೆನ್ನು ಇಸಿದುಕೊಂಡು, ತನ್ನ ಹೆಸರಿನ ಮೇಲೆ ಮಕ್ತುಮಸಾಬರ ಹೆಸರು ಬರೆದಳು.

“ಕೊಯ್ದು ಕೆಡವಿದಾಕಿ ನಾನ್ರೀ. ಎಬ್ಬಿಸಿ ನಿಲ್ಲಿಸಿದವರು ಇವರು,” ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಸಾಬರನ್ನು ಕೈಹಿಡಿದು ಕರೆತಂದಳು.

ಜನ ಚಪ್ಪಾಳೆ ತಟ್ಟಿದರು. ಸಾಬರು ಚಪ್ಪಾಳೆಯ ಕಡೆ ನೋಡಲೇ ಇಲ್ಲ. ಬಗ್ಗಿ ಮರದ ಬೆನ್ನನ್ನೇ ದಿಟ್ಟಿಸಿ ಅವಳ ಕಿವಿಯಲ್ಲಿ ಹೇಳಿದರು: “ಮೂರನೇ ಗಂಟು ಇನ್ನೂ ಸಡಲ ಐತಿ ತಂಗಿ. ನಾಳೆ ಮುಂಜಾನೆ ಬಾ.”

“ಬರ್ತೇನಿ ಕಾಕಾ,” ಎಂದಳು ಸುನಂದಾ.

ನೀತಿ: ಹಳೆಯದನ್ನು ಹೊಸದಾಗಿ ಮಾಡಹೊರಟವರು, ಅದನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಏನೆಂದು ಮೊದಲು ಬಲ್ಲವರನ್ನು ಕೇಳಿ ತಿಳಿಯಬೇಕು. ಕೇಳದೆ ಕೆಡಿಸಿದ್ದರೆ ಮುಚ್ಚಿಡಬಾರದು. ಒಪ್ಪಿಕೊಂಡು ಕಲಿತವರ ಕೈಯಲ್ಲಿ ಕೆಟ್ಟುಹೋದ ಕೆಲಸವೂ ಮತ್ತೆ ಎದ್ದು ನಿಲ್ಲುತ್ತದೆ.