ಸುಣ್ಣದ ಗೂಡಿನ ಹೊಗೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

“ಸ್ವಾಮಿ, ನಮ್ಮ ಪಾಠಶಾಲೆಯ ದೊಡ್ಡ ಹುಡುಗರು ಕದ್ದು ಬೀಡಿ ಸೇದುತ್ತಿದ್ದಾರೆ. ಅದು ಎದೆಯನ್ನು ಸುಡುತ್ತದೆ, ಆಯುಷ್ಯವನ್ನು ತಿನ್ನುತ್ತದೆ ಎಂದು ಕೂರಿಸಿಕೊಂಡು ಹೇಳಿದೆ. ಅವರಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ನಾನು ಮುಗಿಸುವ ಮೊದಲೇ ಉಳಿದದ್ದನ್ನು ಅವರೇ ಒಪ್ಪಿಸಿದರು. ಸಂಜೆ ನೋಡಿದರೆ ಗೋಡೆಯ ಆಚೆ ಮತ್ತೆ ಹೊಗೆ. ವಿಷವೆಂದು ಗೊತ್ತಿದ್ದೂ ಯಾಕೆ ಸೇದುತ್ತಾರೆ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬನೇ ಮಗ. ಹುಡುಗನಿಗೆ ಚಿಕ್ಕಂದಿನಿಂದಲೂ ಉಬ್ಬಸ. ಓಡಿದರೆ ಉಸಿರು ಕಟ್ಟುತ್ತಿತ್ತು. ತಣ್ಣೀರಿಗಿಳಿದರೆ ಎದೆ ಬಿಗಿಯುತ್ತಿತ್ತು.

ಅದೇ ಊರಿನ ಕಮ್ಮಾರನ ಮಗ ಮತ್ತು ಗಾಣಿಗನ ಮಗ ಅವನ ಗೆಳೆಯರು. ಮೂವರಿಗೂ ಮೀಸೆ ಚಿಗುರುವ ವಯಸ್ಸು. ಅವರಿಬ್ಬರು ಕೆರೆಯಲ್ಲಿ ಈಜುವಾಗ ನೇಕಾರನ ಮಗ ದಂಡೆಯ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದ. ಅವರು ಮರ ಹತ್ತಿದರೆ ಕೆಳಗೆ ನಿಂತು ಹಣ್ಣು ಹಿಡಿಯುತ್ತಿದ್ದ. ಅವರು ಅವನನ್ನು ಎಂದೂ ಹೀಯಾಳಿಸಿದವರಲ್ಲ. ಆದರೂ ತಾನು ಅವರ ಜೊತೆಗಿದ್ದೇನೆ, ಅವರಲ್ಲಿ ಒಬ್ಬನಲ್ಲ ಎಂದು ಅವನಿಗೆ ಅನಿಸುತ್ತಿತ್ತು.

ಒಮ್ಮೆ ಗಾಣಿಗನ ಮಗ ಅಪ್ಪನ ಜೊತೆ ಎಣ್ಣೆ ಮಾರಲು ಪೇಟೆಗೆ ಹೋದ. ಮರಳಿ ಬಂದವನು, “ಪೇಟೆಯಲ್ಲಿ ನಮ್ಮ ವಯಸ್ಸಿನವರೆಲ್ಲ ಬೀಡಿ ಸೇದುತ್ತಾರೆ ಕಣ್ರೋ. ನಾವೇ ಇನ್ನೂ ಹಸುಗೂಸುಗಳು,” ಎಂದ.

ಮರುದಿನ ಕಮ್ಮಾರನ ಮಗ ತನ್ನ ಸೋದರಮಾವನ ಪೆಟ್ಟಿಗೆಯಿಂದ ಒಂದು ಬೀಡಿ ಕಟ್ಟು ಕದ್ದು ತಂದ. ಕೆರೆಯ ಹಿಂದೆ ಹಿಂದೆ ಸುಣ್ಣ ಸುಡುತ್ತಿದ್ದ, ಈಗ ಪಾಳುಬಿದ್ದ ಗೂಡು ಇತ್ತು. ಮೂವರೂ ಅದರೊಳಗೆ ಕೂತರು. ಕಮ್ಮಾರನ ಮಗ ಹಚ್ಚಿ ಗಾಣಿಗನ ಮಗನಿಗೆ ಕೊಟ್ಟ. ಅವನು ಎಳೆದು ನೇಕಾರನ ಮಗನಿಗೆ ಚಾಚಿದ. ನೇಕಾರನ ಮಗ ಒಂದು ಸಲ ಎಳೆದವನು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಇಬ್ಬರೂ ಅವನ ಬೆನ್ನು ತಟ್ಟಿ, “ಈಗ ಗಂಡಸಾದೆ ನೋಡು,” ಎಂದು ನಕ್ಕರು. ಕೆಮ್ಮುತ್ತಲೇ ಅವನೂ ನಕ್ಕ. ಈಜಲು, ಹತ್ತಲು, ಓಡಲು ಅವನಿಂದ ಆಗುತ್ತಿರಲಿಲ್ಲ. ಇದನ್ನು ಕೂತಲ್ಲೇ ಮಾಡಬಹುದಿತ್ತು.

ಅಂದಿನಿಂದ ಮೂವರೂ ದಿನಾ ಗೂಡಿಗೆ ಹೋಗತೊಡಗಿದರು.

ಹುಡುಗನ ಎದೆಯ ಗೊರಗೊರ ಸದ್ದು ಜಾಸ್ತಿಯಾಯಿತು. ನೇಕಾರ ವೈದ್ಯನನ್ನು ಕರೆಸಿದ. ವೈದ್ಯ ಎದೆಗೆ ಕಿವಿಯಿಟ್ಟು ಕೇಳಿದ. ಹುಡುಗನ ಬಾಯಿಯ ವಾಸನೆಯನ್ನೂ ಗುರುತಿಸಿದ. ತಂದೆ ಆಚೆ ಹೋದಾಗ ಮೆಲ್ಲಗೆ, “ಸೇದುವವರ ಹತ್ತಿರವೂ ಕೂರಬೇಡ. ನಿನ್ನ ಎದೆ ತಾಳುವುದಿಲ್ಲ,” ಎಂದ. ಹುಡುಗ ತಲೆಯಾಡಿಸಿದ.

ಈ ಮಾತನ್ನು ಅವನು ಗೂಡಿನಲ್ಲಿ ತಮಾಷೆಯೆಂಬಂತೆ ಹೇಳಿದ. ಇಬ್ಬರೂ ಬೀಡಿ ಕೆಳಗಿಳಿಸಿ ತನ್ನ ಮುಖ ನೋಡಿಯಾರು ಎಂಬ ಆಸೆ ಅವನಿಗೆ ಒಳಗೊಳಗೇ ಇತ್ತು. ಗಾಣಿಗನ ಮಗ, “ನನ್ನ ಅಜ್ಜ ಹಲ್ಲು ಬಿದ್ದ ಮೇಲೂ ಚುಟ್ಟಾ ಸೇದುತ್ತಿದ್ದ. ಅವನಿಗೇನಾಯಿತು?” ಎಂದ. ಕಮ್ಮಾರನ ಮಗ, “ನಮಗೇನು ಮುಪ್ಪು ಬಂದಿದೆಯೇ? ಮದುವೆಯ ಹೊತ್ತಿಗೆ ಬಿಟ್ಟರಾಯಿತು,” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನೇಕಾರನ ಮಗ. ವೈದ್ಯನ ಮಾತು ಸುಳ್ಳೆಂದು ಅವನಿಗೆ ಅನಿಸಲಿಲ್ಲ. ಅದು ಬೇರೆ ಯಾರಿಗೋ, ಯಾವಾಗಲೋ ಆಗುವ ವಿಷಯ ಎನಿಸಿತು. ಎದುರಿಗಿದ್ದದ್ದು ಇಬ್ಬರು ಗೆಳೆಯರ ಮುಖ.

ಚಳಿಗಾಲ ಬಂತು. ಒಂದು ಮಧ್ಯಾಹ್ನ ಗಾಳಿ ಗೂಡಿನ ಬಾಯಿಗೆ ಎದುರಾಗಿ ಬೀಸುತ್ತಿತ್ತು. ಹೊಗೆಯೆಲ್ಲ ಗೂಡಿನೊಳಗೇ ನಿಂತಿತು. ನೇಕಾರನ ಮಗ ಕೆಮ್ಮಲು ಶುರುಮಾಡಿದವನು ನಿಲ್ಲಿಸಲಿಲ್ಲ. ಗೋಡೆಗೆ ಕೈಕೊಟ್ಟು ಎದ್ದ, ಮತ್ತೆ ಕುಸಿದ. ಹಿಂದೆಲ್ಲ ಹೀಗೆ ಕೆಮ್ಮಿದಾಗ ಅವನೇ ಕಣ್ಣು ಹೊರಳಿಸಿ, ಸತ್ತಂತೆ ನಟಿಸಿ ನಗಿಸುತ್ತಿದ್ದ. ಹಾಗಾಗಿ ಗಾಣಿಗನ ಮಗ, “ಸಾಕು ನಿಲ್ಲಿಸೋ ನಾಟಕ,” ಎಂದ.

ನೇಕಾರನ ಮಗನ ತುಟಿ ನೀಲಿಗಟ್ಟಿದ್ದನ್ನು ಮೊದಲು ಕಂಡವನು ಕಮ್ಮಾರನ ಮಗ. ಅವನನ್ನು ಬೆನ್ನ ಮೇಲೆ ಹೊತ್ತು ಕೆರೆಯ ಏರಿಯ ಮೇಲೆ ನೇಕಾರನ ಮನೆಗೆ ಓಡಿದ. ಗಾಣಿಗನ ಮಗ ವೈದ್ಯನ ಮನೆಗೆ ಓಡಿದ. ನೇಕಾರ ಮಗ್ಗದ ಗುಂಡಿಯಿಂದ ಎದ್ದು ಬರುವಷ್ಟರಲ್ಲಿ ಹುಡುಗನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ತಾಯಿ ಬಿಸಿನೀರು ತಂದಳು, ಎದೆ ಉಜ್ಜಿದಳು. ಒಂದೊಂದು ಉಸಿರಿಗೂ ಅವನ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಮಾತಿಗೆ ಬೇಕಾದಷ್ಟು ಗಾಳಿ ಇರಲಿಲ್ಲ. ವೈದ್ಯ ಬಂದಾಗ ಮಾಡಲು ಏನೂ ಉಳಿದಿರಲಿಲ್ಲ.

ಮಣ್ಣು ಮಾಡಿದ ಮೇಲೆ ಗೆಳೆಯರಿಬ್ಬರೂ ಆ ಬೀದಿಗೆ ಕಾಲಿಡಲಿಲ್ಲ. ಒಂದು ದಿನ ಹುಡುಗನ ತಾಯಿಯೇ ಹೇಳಿ ಕಳಿಸಿದಳು. ಬೈಸಿಕೊಳ್ಳಲು, ಬೇಕಾದರೆ ಹೊಡೆಸಿಕೊಳ್ಳಲು ಮನಸ್ಸು ಮಾಡಿಕೊಂಡು ಅವರು ಹೋದರು. ಅವಳು ಬೈಯಲಿಲ್ಲ. ಇಬ್ಬರಿಗೂ ಚಾಪೆ ಹಾಸಿದಳು.

“ಅವನು ಸಂಜೆ ಬಂದವನೇ ಹಿತ್ತಲಿಗೆ ಹೋಗಿ ವಾಂತಿ ಮಾಡುತ್ತಿದ್ದ,” ಎಂದಳು. “ಉಪ್ಪುನೀರಿನಲ್ಲಿ ಬಾಯಿ ತೊಳೆಯುತ್ತಿದ್ದ. ಒಂದು ದಿನ ಹಿಡಿದು ಕೇಳಿದೆ, ಆ ವಾಸನೆಯೇ ನಿನಗಾಗುವುದಿಲ್ಲ, ಮತ್ತೆ ಯಾಕೆ ಸೇದುತ್ತೀ ಮಗನೇ ಎಂದು. ‘ಅವ್ವಾ, ಅವರಿಬ್ಬರಿಗೂ ಅದೆಂದರೆ ಪ್ರಾಣ. ನಾನು ಬೇಡವೆಂದರೆ ಮತ್ತೆ ಅಂಗಿ ಕಾಯುವುದೇ ಆಗುತ್ತದೆ’ ಅಂದ. ನಾನು ಅವನ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಗೂಡಿಗೆ ಹೋಗುವುದನ್ನು ಬಿಡಿಸುತ್ತಿದ್ದರು. ಇರುವ ಇಬ್ಬರು ಗೆಳೆಯರೂ ಇವನನ್ನು ಬಿಟ್ಟಾರು ಎಂದು ನನಗೂ ಅಂಜಿಕೆ.”

ಆಮೇಲೆ ಅವರ ಮುಖ ನೋಡಿ, “ನಿಮಗೆ ಅಷ್ಟು ಇಷ್ಟವೇನಪ್ಪಾ ಅದು?” ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

ಇಬ್ಬರೂ ಎದ್ದು ಬಂದರು.

ಬೀದಿ ದಾಟಿ ಊರ ಹೊರಗೆ ಬಂದ ಮೇಲೆ ಗಾಣಿಗನ ಮಗ ಹೇಳಿದ: “ನನಗೆ ಮೊದಲ ದಿನವೇ ತಲೆ ಸುತ್ತಿತ್ತು. ನೀನು ಅಷ್ಟು ಖುಷಿಯಿಂದ ಸೇದುತ್ತಿದ್ದೆ. ಒಲ್ಲೆ ಎಂದರೆ ನಗುತ್ತೀಯ ಎಂದುಕೊಂಡೆ.”

“ನನಗೆಲ್ಲಿಯ ಖುಷಿ?” ಎಂದ ಕಮ್ಮಾರನ ಮಗ. “ದಿನವಿಡೀ ಕುಲುಮೆಯ ಹೊಗೆ ಕುಡಿಯುವವನು ನಾನು. ನೀನು ಪೇಟೆಯ ಮಾತು ತೆಗೆದೆ. ನೀನು ಆಗಲೇ ಶುರುಮಾಡಿದ್ದೀಯ, ನಾನೇ ಹಿಂದುಳಿದೆ ಎಂದುಕೊಂಡು ಕದ್ದು ತಂದೆ. ಪೇಟೆಯ ಹುಡುಗರೆಲ್ಲ ಸೇದುತ್ತಾರೆ ಎಂದೆಯಲ್ಲ?”

“ನಾನು ಕಂಡದ್ದು ಇಬ್ಬರನ್ನು,” ಎಂದ ಗಾಣಿಗನ ಮಗ. “ಸಂತೆಯ ಮೂಲೆಯಲ್ಲಿ ನಿಂತಿದ್ದರು. ಅವರಲ್ಲೂ ಒಬ್ಬ ಕೆಮ್ಮುತ್ತಿದ್ದ.”

ಇಬ್ಬರೂ ಕೆರೆಯ ಏರಿಯ ಮೇಲೆ ಕೂತರು. ಇನ್ನು ಒಬ್ಬರು ಇನ್ನೊಬ್ಬರಿಂದ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಬೇಡವೆನ್ನಲು ಯಾರ ಅಂಜಿಕೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಮ್ಮಾರನ ಮಗನನ್ನು ಬೀಡಿಯ ಚಟ ಎಳೆಯಿತು. ಅವನು ಸೊಂಟದಿಂದ ಬೀಡಿ ತೆಗೆದು ಹಚ್ಚಿದ. ಗಾಣಿಗನ ಮಗ ಅವನ ಕಡೆ ನೋಡದೆ ಕೈ ಚಾಚಿದ. ಅವನು ಕೊಟ್ಟ. ಅಂದು ಯಾರೂ ನಗಲಿಲ್ಲ. ಸೇದಿದರು, ಎದ್ದು ಮನೆಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಹುಡುಗರು, ಸ್ವಾಮಿ! ಮೂವರಿಗೂ ಬೇಡವಾಗಿತ್ತು. ನನಗೆ ಬೇಡ ಎಂದು ಒಬ್ಬನಾದರೂ ಬಾಯಿಬಿಟ್ಟಿದ್ದರೆ ಒಂದು ಜೀವ ಉಳಿಯುತ್ತಿತ್ತು. ಅದೊಂದು ಮಾತು ಹೇಳುವುದು ಅಷ್ಟು ಕಷ್ಟವೇ?”

ಗುರುಗಳು ಕೇಳಿದರು: “ನಿನ್ನೆ ಊಟದ ಪಂಕ್ತಿಯಲ್ಲಿ ಅಡುಗೆಯವನ ತೊದಲು ಮಾತಿಗೆ ಎಲ್ಲರೂ ನಕ್ಕಾಗ ನೀನೂ ನಕ್ಕೆಯಲ್ಲ, ನಿನಗೆ ನಿಜವಾಗಿ ನಗು ಬಂದಿತ್ತೇ?”